ಬಂದಳಿಕೆ ಅಲ್ಲ, ಹೋಯಾ: ಕಾಫಿ ತೋಟದ ಮರದಲ್ಲಿ ಮೇಣದ ಹೂ ಬೆಳೆಸಿದ್ದು

ಮರಗಸಿ, ಅಂದರೆ ಕೊಂಬೆ ಸವರುವ ಕೆಲಸ, ಶುರುವಾಯಿತೆಂದರೆ ನಮ್ಮ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಒಂದೊಂದಾಗಿ ಕೆಳಗೆ ಬೀಳುತ್ತವೆ. ಅವುಗಳ ಜೊತೆ ಪಾಚಿ, ಜರಿಗಿಡ, ಸೀತಾಳೆ ಎಲ್ಲವೂ ಬರುತ್ತವೆ. ಗೆಣ್ಣಿಗೊಂದು ಜೋಡಿಯಂತೆ ದಪ್ಪ ಎಲೆ ಬಿಟ್ಟ ಬಳ್ಳಿಯೂ ಕೆಲವು ಕೊಂಬೆಗಳಲ್ಲಿ ಇರುತ್ತದೆ. ಅದು ಹೋಯಾ ವೈಟಿಯೈ. ಪಶ್ಚಿಮ ಘಟ್ಟದ್ದೇ ಗಿಡ.

"ಇದೂ ಬಂದಳಿಕೆನೇ ಅಲ್ವಾ ಅಮ್ಮಾ? ಕಿತ್ತು ಹಾಕ್ಲಾ?" ಕೊಂಬೆ ಕಡಿಯುವವರು ಪ್ರತಿ ವರ್ಷ ಕೇಳುತ್ತಾರೆ. ಅವರದೇನೂ ತಪ್ಪಿಲ್ಲ. ಬಂದಳಿಕೆಯ ಎಲೆಯೂ ದಪ್ಪ, ಅದೂ ಮರದ ಮೇಲೇ ಇರುತ್ತದೆ. ವ್ಯತ್ಯಾಸ ತೋರಿಸಲು ನಾನು ಎರಡು ಕೆಲಸ ಮಾಡುತ್ತೇನೆ. ಮೊದಲು ಒಂದು ಎಲೆ ಮುರಿಯುತ್ತೇನೆ. ಹೋಯಾದಲ್ಲಿ ಬಿಳಿ ಹಾಲು ಬರುತ್ತದೆ, ಬಂದಳಿಕೆಯಲ್ಲಿ ಬರುವುದಿಲ್ಲ. ಆಮೇಲೆ ಬಳ್ಳಿಯನ್ನು ತೊಗಟೆಯಿಂದ ಮೆಲ್ಲಗೆ ಬಿಡಿಸುತ್ತೇನೆ. ಗೆಣ್ಣಿನಲ್ಲಿ ಹೊರಟ ಬೇರುಗಳು ತೊಗಟೆಯ ಪುಡಿ, ಪಾಚಿ ಅಂಟಿಸಿಕೊಂಡು ಹಾಗೇ ಎದ್ದು ಬರುತ್ತವೆ, ಮರದಲ್ಲಿ ಗಾಯವೇ ಇಲ್ಲ. ಬಂದಳಿಕೆ ಹಾಗಲ್ಲ. ಅದು ರಸ ಹೀರಲು ಮರದ ಒಳಕ್ಕೇ ಇಳಿದಿರುತ್ತದೆ, ಕೂತ ಜಾಗ ಎಷ್ಟೋ ಸಲ ಗಂಟುಗಟ್ಟಿರುತ್ತದೆ. ಹೋಯಾ ಮರದಿಂದ ಕೇಳುವುದು ಜಾಗ ಮಾತ್ರ. ನೀರು ಮಳೆಯದ್ದು, ಗೊಬ್ಬರ ತೊಗಟೆಯ ಸಂದಿಯಲ್ಲಿ ಕೊಳೆತ ಕಸದ್ದು.

ಹಾಲು ಬರುವುದಕ್ಕೆ ಕಾರಣವಿದೆ. ಹೋಯಾ ನಮ್ಮ ಎಕ್ಕದ ಗಿಡದ ಹತ್ತಿರದ ನೆಂಟ, ಎರಡೂ ಒಂದೇ ಕುಟುಂಬದವು. ಹೋಯಾ ಎಂಬ ಹೆಸರನ್ನು 1810ರಲ್ಲಿ ಇಟ್ಟವರು ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್. ಲಂಡನ್ ಹತ್ತಿರದ ಸಿಯಾನ್ ಹೌಸ್‌ನಲ್ಲಿ ತೋಟ ನೋಡಿಕೊಳ್ಳುತ್ತಿದ್ದ ಥಾಮಸ್ ಹೋಯ್ ಗೌರವಕ್ಕೆ. ವೈಟಿಯೈ ಅನ್ನುವುದು ಮದ್ರಾಸ್ ಪ್ರಾಂತ್ಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದು ಸಸ್ಯಗಳ ಹಿಂದೆ ಬಿದ್ದ ರಾಬರ್ಟ್ ವೈಟ್ ನೆನಪು. ಅವನಿಗೆ ಗಿಡಗಳ ಚಿತ್ರ ಬರೆದುಕೊಟ್ಟವರು ರಂಗಯ್ಯ, ಗೋವಿಂದು ಎಂಬ ನಮ್ಮವರು. ಒಂದು ಹೋಯಾಕ್ಕೆ ಅವರ ಹೆಸರನ್ನೂ ಇಟ್ಟಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನಿಸುತ್ತದೆ.

ಬಿದ್ದ ಕೊಂಬೆಯ ಬಳ್ಳಿಯನ್ನು ಎರಡು ಮೂರು ಗೆಣ್ಣು ಇರುವಂತೆ ತುಂಡು ಮಾಡುತ್ತೇನೆ. ಹಾಲು ಒಣಗುವವರೆಗೆ ನೆರಳಲ್ಲಿ ಇಟ್ಟಿರುತ್ತೇನೆ. ಆಮೇಲೆ ಒರಟು ತೊಗಟೆಯ ಮರ ನೋಡಿ, ಬೆಳಗಿನ ಬಿಸಿಲು ಬೀಳುವ ಕಡೆ, ಗೆಣ್ಣು ತೊಗಟೆಗೆ ತಾಗುವಂತೆ ಒದ್ದೆ ಪಾಚಿ ಇಟ್ಟು ಬಾಳೆನಾರಿನಿಂದ ಕಟ್ಟುತ್ತೇನೆ. ಪ್ಲಾಸ್ಟಿಕ್ ದಾರ ಬೇಡ. ಬಾಳೆನಾರು ಕೊಳೆತು ಬೀಳುವ ಹೊತ್ತಿಗೆ ಬೇರು ಹಿಡಿದಿರುತ್ತದೆ, ಬಿಚ್ಚುವ ಕೆಲಸವೇ ಇಲ್ಲ. ಮಳೆ ಹಿಡಿಯುವ ಮುಂಚೆ ಕಟ್ಟಿದರೆ ಉಳಿದದ್ದನ್ನು ಮಳೆಯೇ ನೋಡಿಕೊಳ್ಳುತ್ತದೆ.

ಕುಂಡದಲ್ಲಿ ಬೆಳೆಸುವವರು ತೋಟದ ಮಣ್ಣು ತುಂಬಬಾರದು. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರು ಸಾಕು. ಮರದ ಮೇಲೆ ಎಷ್ಟು ಮಳೆ ಹೊಡೆದರೂ ಬೇರು ಕೊಳೆಯುವುದಿಲ್ಲ, ಯಾಕೆಂದರೆ ನೀರು ನಿಲ್ಲುವುದಿಲ್ಲ, ಗಾಳಿ ಆಡುತ್ತಿರುತ್ತದೆ. ಕುಂಡದಲ್ಲಿ ನೀರು ನಿಂತೇ ಗಿಡ ಸಾಯುವುದು. ಅದಕ್ಕೇ ಮಳೆಗಾಲದಲ್ಲಿ ನನ್ನ ಕುಂಡಗಳೆಲ್ಲ ಜಗಲಿ ಸೇರುತ್ತವೆ.

ಬೇಸಿಗೆಗೆ ನಾನು ಹೆದರುವುದಿಲ್ಲ. ಎಲೆ ದಪ್ಪಗಿರುವುದೇ ನೀರು ಕೂಡಿಡಲಿಕ್ಕೆ. ಹೋಯಾ ಕಾರ್ನೋಸಾದಂಥ ದಪ್ಪ ಎಲೆಯ ಜಾತಿಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಇಟ್ಟುಕೊಂಡು ಹಗಲಿನ ಬೆಳಕಲ್ಲಿ ಆಹಾರ ಮಾಡುತ್ತವೆ. ಹೀಗಾಗಿ ನೀರು ಆವಿಯಾಗುವುದು ಕಡಿಮೆ. ಫೆಬ್ರುವರಿ ಕೊನೆಗೆ ನಮ್ಮ ಬಳ್ಳಿಯ ಎಲೆ ಸ್ವಲ್ಪ ಸುಕ್ಕಾಗುತ್ತದೆ. ಕಾಫಿಗೆ ಹೂಮಳೆ, ಅಂದರೆ ಹೂ ಅರಳಿಸುವ ಮಳೆ, ಬಿದ್ದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಕುಂಡದ್ದಕ್ಕೂ ಇದೇ ಲೆಕ್ಕ: ಎಲೆ ಬಗ್ಗಿಸಿ ನೋಡಿ, ಗಟ್ಟಿಯಾಗಿದ್ದರೆ ನೀರು ಬೇಡ.

ಎಲೆಯೇ ಇಲ್ಲದ ಉದ್ದನೆಯ ಕುಡಿ ಹೊರಟರೆ ಕತ್ತರಿಸಬೇಡಿ. ಬಳ್ಳಿ ಹಿಡಿಯಲು ಆಸರೆ ಹುಡುಕುತ್ತಿರುತ್ತದೆ, ಎಲೆ ಆಮೇಲೆ ಬರುತ್ತದೆ. ಹೂಗೊಂಚಲಿನ ತೊಟ್ಟನ್ನಂತೂ ಮುಟ್ಟಲೇಬೇಡಿ. ಹೂ ಉದುರಿದ ಮೇಲೆ ಅದು ಸುಮ್ನೆ ಒಣಕಲು ಕಡ್ಡಿಯ ಹಾಗೆ ಕಾಣುತ್ತದೆ, ಆದರೆ ಮುಂದಿನ ಹೂ ಅದರ ತುದಿಯಲ್ಲೇ ಬರುವುದು. ಹಳೆಯ ತೊಟ್ಟಿನಲ್ಲಿ ಉದುರಿದ ಹೂಗಳ ಗುರುತು ಸಾಲಾಗಿ ಕಾಣುತ್ತವೆ. ಪೂಜೆಗೆ ಅಂತ ಗೊಂಚಲು ಮುರಿದರೆ ಮುಂದಿನ ಗೊಂಚಲೂ ಹೋಯಿತು. ನಮ್ಮ ಅತ್ತೆಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು.

ಇನ್ನು ಹೂ. ಬಿಳಿ ಎಸಳು ಐದು, ಮೇಣ ಎರೆದ ಹಾಗೆ ದಪ್ಪ. ನಡುವೆ ಗುಲಾಬಿ ಬಣ್ಣದ ನಕ್ಷತ್ರ. ಎಕ್ಕದ ಹೂವಿನ ಕಿರೀಟ ನೋಡಿದವರಿಗೆ ಇದು ಹೊಸತಲ್ಲ. ನಾನು ಉದುರಿದ ಹೂವೊಂದನ್ನು ಭೂತಗನ್ನಡಿಯ ಕೆಳಗಿಟ್ಟು, ನಕ್ಷತ್ರದ ಎರಡು ತೋಳುಗಳ ನಡುವಿನ ಸೀಳಿಗೆ ತೆಳು ಸೂಜಿ ತೂರಿಸಿ ಮೇಲಕ್ಕೆ ಎಳೆದೆ. ಸೂಜಿಯ ತುದಿಗೆ ಕಪ್ಪು ಚುಕ್ಕಿಯಂಥದ್ದು ಕಚ್ಚಿಕೊಂಡು ಬಂತು. ಅದರ ಎರಡು ಬದಿಗೆ ಹಳದಿ ಚೀಲ, ಒಂದೊಂದು. ಪರಾಗವೆಲ್ಲ ಆ ಚೀಲಗಳಲ್ಲೇ. ಬೇರೆ ಹೂಗಳಂತೆ ಪುಡಿ ಉದುರುವುದೇ ಇಲ್ಲ. ಸೂಜಿಯ ಕೆಲಸ ಅಲ್ಲಿ ಕೀಟದ ಕಾಲಿನದು. ಮಕರಂದಕ್ಕೆ ಬಂದ ಕೀಟದ ಕಾಲು ಸೀಳಿಗೆ ಜಾರುತ್ತದೆ, ಎಳೆದುಕೊಂಡಾಗ ಚುಕ್ಕಿ ಅಂಟಿಕೊಂಡು ಚೀಲಗಳೂ ಬರುತ್ತವೆ. ಇನ್ನೊಂದು ಹೂವಿನ ಸೀಳಿನೊಳಗೆ ಚೀಲ ಸರಿಯಾಗಿ ಕೂತರೆ ಮಾತ್ರ ಕಾಯಿ. ಇಷ್ಟು ಕರಾರುವಾಕ್ಕಾದ ಏರ್ಪಾಡಿನಿಂದಲೇ ಇರಬೇಕು, ಗೊಂಚಲು ಗೊಂಚಲು ಹೂ ಬಿಟ್ಟರೂ ಕಾಯಿ ಅಪರೂಪ.

ಕಾಯಿ ಕಟ್ಟಿದರೆ ಉದ್ದನೆಯ ತೆಳು ಕೋಡು. ಬಲಿತ ಮೇಲೆ ಒಂದೇ ಕಡೆ ಸೀಳಿ, ರೇಷ್ಮೆ ಕೂದಲಿನ ಬೀಜಗಳು ಎಕ್ಕದ ಬೀಜದಂತೆಯೇ ಗಾಳಿಗೆ ಹಾರುತ್ತವೆ. ಮರದಿಂದ ಮರಕ್ಕೆ ಹೋಗಬೇಕಾದ ಗಿಡಕ್ಕೆ ಬೇರೆ ದಾರಿ ಎಲ್ಲಿದೆ? ಬೀಜ ಬೇಕೆಂದರೆ ಕೋಡು ಹಳದಿಯಾಗುವಾಗಲೇ ತೆಳು ಬಟ್ಟೆ ಕಟ್ಟಿಡಿ. ಸಿಕ್ಕ ಕೂಡಲೇ ಒದ್ದೆ ತೆಂಗಿನ ನಾರಿನ ಪುಡಿಯ ಮೇಲೆ ಹರಡಿ, ಕೂಡಿಟ್ಟರೆ ಬೇಗ ಕೆಡುತ್ತವೆ. ಬೀಜದ ಗಿಡ ಹೂ ಬಿಡಲು ವರ್ಷಗಟ್ಟಲೆ ಕಾಯಬೇಕು. ಅವಸರ ಇದ್ದವರಿಗೆ ತುಂಡೇ ಸರಿ. ಆದರೆ ತುಂಡಿನಲ್ಲಿ ಗೆಣ್ಣು ಇರಲೇಬೇಕು. ಬೆಂಗಳೂರಿನ ಅಂಗಡಿಗಳಲ್ಲಿ ಹೃದಯದ ಆಕಾರದ ಒಂದೇ ಎಲೆ ಪುಟ್ಟ ಕುಂಡದಲ್ಲಿ ಇಟ್ಟು ಮಾರುತ್ತಾರಲ್ಲ, ಅದು ಥೈಲ್ಯಾಂಡ್ ಕಡೆಯ ಹೋಯಾ ಕೆರ್ರಿ. ಬರೀ ಎಲೆಯೂ ಬೇರು ಬಿಡುತ್ತದೆ, ಹಸಿರಾಗಿಯೇ ಇರುತ್ತದೆ. ಗೆಣ್ಣಿಲ್ಲದ ಮೇಲೆ ಬಳ್ಳಿ ಮಾತ್ರ ಬರುವುದಿಲ್ಲ.