ಹುಬ್ಬಳ್ಳಿಯಾಗ 24 ತಾಸು ನೀರು ಕೊಟ್ಟ ಕೆಲಸ, ನನ್ನ ಅನುಭವ

ಈಗ ಹುಬ್ಬಳ್ಳಿ-ಧಾರವಾಡ ಇಡೀ ಊರಿಗೆ 24 ತಾಸು ನೀರು ಕೊಡೋ ಕೆಲಸ ನಡದೈತಿ, ಓಣಿ ಓಣಿ ಅಗದಾರ, ಮಂದಿ ಬೈತಾರ. ನಾನು ಇದರ ಮೊದಲ್ನೇ ಸುತ್ತಿನಾಗ ಸೈಟ್ ಎಂಜಿನಿಯರ್ ಇದ್ದೆ, ಅಂದ್ರ ವಿಶ್ವಬ್ಯಾಂಕ್ ಸಾಲದಾಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿ ಮೂರೂ ಕಡೆ ಕೆಲವೇ ಕೆಲವು ಏರಿಯಾ ಆರಿಸಿ ಮಾಡಿದ್ರಲ್ಲ, ಅದು. 2008ರಾಗ ನೀರು ಬಿಟ್ವಿ. ಈಗ ಈ ಕೆಲಸಕ್ಕ ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗ್ರು, ಆಗ ಹೆಂಗ್ ಮಾಡಿದ್ರಿ ಅಂತ ಆಗಾಗ ಕೇಳ್ತಿರ್ತಾರ, ಅದಕ್ಕ ಬರೀಲಿಕ್ಹತ್ತೀನಿ.

ಎಲ್ಲಾರೂ ಅಂತಿದ್ದಿದ್ದು ಒಂದೇ ಮಾತು, ಡ್ಯಾಮಿನಾಗ ನೀರಿಲ್ಲ, ಎಲ್ಲಿಂದ ಕೊಡ್ತೀರಿ ಅಂತ. ಮಲಪ್ರಭಾ ನೀರು ಅಮ್ಮಿನಭಾವಿಯಾಗ ಶುದ್ಧ ಆಗಿ ಬರ್ತೈತಿ, ಹುಬ್ಬಳ್ಳಿಗೆ ನೀರಸಾಗರ ಜಲಾಶಯ ಬ್ಯಾರೆ ಐತಿ. ಬ್ಯಾಸಗಿಯಾಗ ಕಷ್ಟ ಖರೇ, ಆದ್ರ ಊರಿಗೆ ಬಂದ ನೀರು ಎಲ್ಲಿ ಹೋಗ್ತೈತಿ ಅಂತ ಲೆಕ್ಕ ಇಟ್ಟೋರು ಯಾರೂ ಇರಲಿಲ್ಲ. ಎಷ್ಟೋ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ, ಕೆಲವು ಕಡೆ ವಾರ ದಾಟಿದ ಮ್ಯಾಲೆ ನೀರು. ಬಂದ ದಿನ ಮಂದಿ ಏನ್ ಮಾಡ್ತಿದ್ರು ಅಂದ್ರ, ಬ್ಯಾರಲ್‌ನಾಗ ಉಳಿದಿದ್ದ ಹಳೇ ನೀರು ಗಟಾರಕ್ಕ ಚೆಲ್ಲಿ ಹೊಸ ನೀರು ತುಂಬೋರು. ಬಹಳ ಮನಿಯಾಗ ಬಂದ್ ಮಾಡೋ ನಳಾನ ಇರ್ತಿರಲಿಲ್ಲ, ಬರೇ ಪೈಪಿನ ಬಾಯಿ, ಅದೂ ಅಂಗಳದಾಗ ಗುಂಡಿ ತೋಡಿ ನೆಲಕ್ಕಿಂತ ಕೆಳಗ, ಯಾಕಂದ್ರ ಪ್ರೆಷರ್ ಇಲ್ಲ, ತಗ್ಗಿನಾಗಿದ್ರ ಒಂದೆರಡು ಕೊಡ ಜಾಸ್ತಿ ಸಿಗ್ತೈತಿ ಅಂತ. ನೀರು ನಿಂತ ಕೂಡ್ಲೇ ಪೈಪು ಖಾಲಿ ಆಗಿ ಆ ಗುಂಡಿಯಾಗಿನ ರಾಡಿನೇ ಒಳಗ ಎಳ್ಕೊಂತಿತ್ತು. ನನ್ನ ಕೇಳಿದ್ರ ಊರಿನ ವಾಂತಿ-ಭೇದಿಗೆ ಆ ಗುಂಡಿಗಳ ಪಾಲು ದೊಡ್ಡದು. ಆಮ್ಯಾಲೆ ಬರ್ಕ್ಲಿ ಯೂನಿವರ್ಸಿಟಿಯವರು ಬಂದು ಬಿಟ್ಟು ಬಿಟ್ಟು ನೀರು ಬರೋ ಏರಿಯಾ, 24 ತಾಸಿನ ಏರಿಯಾ ಎರಡೂ ಕಡೆ ನಳದ ನೀರು ಟೆಸ್ಟ್ ಮಾಡಿದಾಗ, 24 ತಾಸು ಇದ್ದ ಕಡೆ ನೀರು ಭಾಳ ಸ್ವಚ್ಛ ಅಂತಾನ ಬಂತು.

ಕೆಲಸಕ್ಕ ಬರೋಣ. ಏರಿಯಾನ ಸಣ್ಣ ಸಣ್ಣ ಝೋನ್ ಮಾಡಿ ಪ್ರತಿ ಝೋನಿಗೆ ನೀರು ಒಳಗ ಬರಾಕ ಒಂದೇ ದಾರಿ, ಅಲ್ಲೊಂದು ದೊಡ್ಡ ಮೀಟರ್. ಹೇಳಾಕ ಇಷ್ಟೇ. ಆದ್ರ ಹಳೇ ಪೈಪಿನ ನಕಾಶೆ ಆಫೀಸಿನಾಗ ಸರಿಯಾಗಿ ಇರಂಗಿಲ್ಲ, ಅದು ಇರೋದು ವಾಲ್ವ್‌ಮನ್‌ಗಳ ತಲಿಯಾಗ. ಅವ್ರನ್ನ ಚಹಾಕ್ಕ ಕರ್ಕೊಂಡು ಹೋಗಿ ಕುಂತು ಬರ್ಕೊಂಡಿದ್ದೇ ನಮ್ಮ ಖರೇ ಸರ್ವೇ. ಅವ್ರಿಗೂ ಅಂಜಿಕಿ ಇತ್ತು, ನೀರು ಯಾವಾಗ್ಲೂ ಬಂದ್ರ ವಾಲ್ವ್ ತಿರುವೋ ಕೆಲಸ ಎಲ್ಲಿ ಉಳೀತೈತಿ?

ಹೊಸ ಪೈಪು ಹಾಕಿದ ಮ್ಯಾಲೆ ಝೀರೋ ಪ್ರೆಷರ್ ಟೆಸ್ಟ್. ಒಳಗ ಬರೋ ವಾಲ್ವ್ ಬಂದ್ ಮಾಡಿ, ಒಳಗಿನ ನೀರು ಬಿಟ್ಟು ಗೇಜ್ ನೋಡೋದು. ಪ್ರೆಷರ್ ಸೊನ್ನಿಗೆ ಇಳೀಬೇಕು. ಇಳೀಲಿಲ್ಲ ಅಂದ್ರ ಪಕ್ಕದ ಏರಿಯಾದಿಂದ ಯಾವುದೋ ಪೈಪು ಕೂಡೈತಿ ಅಂತ ಅರ್ಥ, ಹುಡುಕ್ರಿ. ಇದು ಪಾಸ್ ಆಗದ ಝೋನಿನ ಮೀಟರ್ ಲೆಕ್ಕ ನಂಬೋದು ಸುಳ್ಳು. ಆಮ್ಯಾಲೆ ರಾತ್ರಿ ಎರಡರಿಂದ ನಾಲ್ಕು, ಊರು ಮಲಗಿದಾಗ, ದೊಡ್ಡ ಮೀಟರ್ ಎಷ್ಟು ಓಡ್ತೈತಿ ನೋಡ್ಬೇಕು, ಆ ಹೊತ್ತಿನಾಗ ಓಡೋದು ಬಹುತೇಕ ಸೋರಿಕೆ. ಒಂದೊಂದೇ ಓಣಿ ವಾಲ್ವ್ ಬಂದ್ ಮಾಡ್ಕೊಂತ ಹೋದ್ರ ಯಾವ ಓಣಿಗೆ ಮೀಟರ್ ಗಪ್ಪನೆ ಇಳೀತೈತಿ ಗೊತ್ತಾಗ್ತೈತಿ, ಅಲ್ಲಿ ಕಬ್ಬಿಣದ ರಾಡ್ ನೆಲಕ್ಕಿಟ್ಟು ಕಿವಿಗೊಟ್ಟು ಕೇಳೋದು. ದೊಡ್ಡ ಪೈಪಿಗಿಂತ ಮನಿ ಕನೆಕ್ಷನ್ನೇ ಹೆಚ್ಚು ಸೋರ್ತಿತ್ತು, ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು. ಅದಕ್ಕ ಹಳೇದು ರಿಪೇರಿ ಮಾಡೋ ಆಸೆ ಬಿಟ್ಟು ಮನಿ ಮೀಟರ್‌ತನಕ ಎಲ್ಲಾ ಹೊಸದೇ ಹಾಕಿದ್ದು.

ಮೀಟರ್ ಅಂದಕೂಡ್ಲೇ ಜಗಳ. ಒಬ್ಬ ಅಜ್ಜಿ, "ತಮ್ಮಾ, ಗಾಳಿಗೂ ತಿರಗ್ತೈತಂತಲ್ಲೋ ನಿನ್ನ ಮೀಟರು, ಗಾಳಿಗೂ ಬಿಲ್ಲೇನು?" ಅಂದ್ಳು. ಅಕಿ ಹೇಳಿದ್ದು ಖರೇನ, ಬಿಟ್ಟು ಬಿಟ್ಟು ನೀರು ಬಂದ್ರ ಪೈಪಿನಾಗಿನ ಗಾಳಿಗೆ ಮೀಟರ್ ತಿರಗ್ತೈತಿ. ಪೈಪು ಸದಾ ತುಂಬಿದ್ರ ಗಾಳಿ ಎಲ್ಲಿಂದ ಬರ್ಬೇಕ್ರಿ ಅಂತ ಅಂದೆ, ನಂಬಲಿಲ್ಲ. ನೀರು ಬಿಟ್ಟು ತೋರಿಸಿದ ಮ್ಯಾಲೆ ನಂಬಿದ್ಳು. ಮೊದಮೊದ್ಲು ಬಳಕಿ ಸಿಕ್ಕಾಪಟ್ಟೆ ಏರ್ತು, ಯಾಕಂದ್ರ ನಳ ಬಂದ್ ಮಾಡೋ ರೂಢಿನೇ ಮಂದಿಗೆ ಇರಲಿಲ್ಲ. ಮೊದಲ್ನೇ ಬಿಲ್ ಬಂದ ಮ್ಯಾಲೆ ತಾನೇ ಇಳೀತು, ಭಾಷಣ ಏನೂ ಬೇಕಾಗ್ಲಿಲ್ಲ. ಆದ್ರ ಬಡವರ ಓಣಿಯಾಗ ಬಿಲ್ ಭಾರ ಆಗ್ತೈತಿ ಅನ್ನೋ ದೂರು ಪೂರ್ತಿ ಸುಳ್ಳಲ್ಲ. ಒಂದೇ ಮೀಟರ್ ಮ್ಯಾಲೆ ಮೂರು ಸಂಸಾರ ಬದುಕೋ ಮನಿಗೆ ಸ್ಲ್ಯಾಬ್, ಅಂದ್ರ ಬಳಕಿ ಹೆಚ್ಚಾದಂಗ ಏರೋ ದರದ ಮೆಟ್ಟಲು, ಲಗೂನ ಏರ್ತೈತಿ, ಅಲ್ಲಿ ಬ್ಯಾರೆ ಬ್ಯಾರೆ ಕನೆಕ್ಷನ್ ಕೊಡಸ್ರಿ.

ಮತ್ತ, ರಸ್ತೆ ಡಿಪಾರ್ಟ್‌ಮೆಂಟಿನವರು ಡಾಂಬರ್ ಹಾಕ್ತೀವಿ ಅಂತ ಅವಸರ ಮಾಡ್ತಾರ, ಕಾರ್ಪೊರೇಟರ್‌ದೂ ಒತ್ತಡ ಇರ್ತೈತಿ. ಝೀರೋ ಪ್ರೆಷರ್ ಟೆಸ್ಟ್ ಆಗೋತನಕ ಜಲ್ಲಿ ಹಾಕಿ ಗಟ್ಟಿ ಮಾಡ್ರಿ ಸಾಕು, ಡಾಂಬರ್ ಬ್ಯಾಡ. ಒಮ್ಮೆ ಬಿತ್ತಂದ್ರ ಮತ್ತ ಅಗಿಯಾಕ ಪರ್ಮಿಷನ್ ಸಿಗೋದ್ರೊಳಗ ಮಳಿಗಾಲ ಬಂದು ನಿಂತಿರ್ತೈತಿ.