ಲಂಬ ವೃತ್ತದ ಲೆಕ್ಕ: ನಾನು ಹೇಳಿಕೊಡುವ ರೀತಿ

ತುಮಕೂರಿನಲ್ಲಿ ಫಸ್ಟ್ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಫಿಸಿಕ್ಸ್ ಹೇಳಿಕೊಡುತ್ತೇನೆ. ಲಂಬ ವೃತ್ತದ ಲೆಕ್ಕ, ಅಂದರೆ ವಸ್ತು ಮೇಲೆ ಕೆಳಗೆ ಸುತ್ತುವ ಲೆಕ್ಕ ಕಂಡರೆ ಸಾಕು, ಬಹಳ ಮಕ್ಕಳು ಮೊದಲು √(5ಜಿಆರ್) ಅಂತ ಬರೆದುಬಿಡುತ್ತಾರೆ. ಹಗ್ಗಕ್ಕೆ ಕಟ್ಟಿದ ವಸ್ತು ಪೂರ್ತಿ ಸುತ್ತು ಬರಲು ತಳದಲ್ಲಿ ಬೇಕಾದ ಕನಿಷ್ಠ ವೇಗ ಅದು; ಜಿ ಅಂದರೆ ಗುರುತ್ವ ವೇಗೋತ್ಕರ್ಷ, ಆರ್ ಅಂದರೆ ವೃತ್ತದ ತ್ರಿಜ್ಯ. ಹಗ್ಗವೋ, ಸರಳೋ, ಜೈಂಟ್ ವೀಲೋ ಅಂತ ನೋಡುವುದೇ ಇಲ್ಲ. ಅದಕ್ಕೇ ನಾನು ಸೂತ್ರ ಪಕ್ಕಕ್ಕಿಟ್ಟು ಚಿತ್ರದಿಂದ ಶುರು ಮಾಡಿಸುತ್ತೇನೆ.

ವಸ್ತುವನ್ನು ಏನೇನು ಮುಟ್ಟಿಕೊಂಡಿದೆ? ಮುಟ್ಟಿದ ಒಂದೊಂದಕ್ಕೂ ಒಂದು ಬಾಣ, ಭೂಮಿಯ ಎಳೆತಕ್ಕೆ ಇನ್ನೊಂದು. ಅಷ್ಟೇ. ಸೆಂಟ್ರಿಪೆಟಲ್ ಫೋರ್ಸ್ (ಕೇಂದ್ರದ ಕಡೆಗಿನ ಬಲ) ಅಂತ ಬೇರೆ ಬಾಣ ಹಾಕಲು ಬಿಡುವುದಿಲ್ಲ. ಇರುವ ಬಲಗಳನ್ನೇ ಕೂಡಿ ಕಳೆದಾಗ ಕೇಂದ್ರದ ಕಡೆಗೆ ಎಷ್ಟು ಉಳಿಯುತ್ತದೋ ಅದೇ ಎಂವಿ²/ಆರ್ (ಎಂ ದ್ರವ್ಯರಾಶಿ, ವಿ ವೇಗ). ಕೇಂದ್ರದ ಕಡೆ ಪ್ಲಸ್, ಆಚೆ ಕಡೆ ಮೈನಸ್. ವಸ್ತು ಎಲ್ಲೇ ಇರಲಿ, ಇದು ಬದಲಾಗುವುದಿಲ್ಲ.

0.9 ಮೀಟರ್ ಹಗ್ಗಕ್ಕೆ 2 ಕೆಜಿ ಕಲ್ಲು ಕಟ್ಟಿ ತಿರುಗಿಸಿದ್ದೇವೆ ಅನ್ನಿ. ಜಿ 10 ಇರಲಿ. ವೃತ್ತದ ಮೇಲಿನ ತುದಿಯಲ್ಲಿ ವೇಗ ಸೆಕೆಂಡಿಗೆ 4 ಮೀಟರ್. ಅಲ್ಲಿ ಹಗ್ಗದ ಎಳೆತ (ಟೆನ್ಷನ್, ಟಿ), ಕಲ್ಲಿನ ತೂಕ 20 ನ್ಯೂಟನ್, ಈ ಎರಡು ಬಾಣವೂ ಕೆಳಗೇ, ಅಂದರೆ ಕೇಂದ್ರದ ಕಡೆಗೇ. ಟಿ + 20 = 35.6. ಹಾಗಾಗಿ ಟೆನ್ಷನ್ 15.6 ನ್ಯೂಟನ್. ತಳಕ್ಕೆ ಬರುವಾಗ ಕಲ್ಲು 1.8 ಮೀಟರ್ ಇಳಿಯುತ್ತದೆ, ಶಕ್ತಿಯ ಸಮೀಕರಣದಿಂದ ವಿ²ಗೆ 2 × 10 × 1.8 = 36 ಸೇರಿ 16ರಿಂದ 52 ಆಗುತ್ತದೆ. ಈಗ ಟಿ − 20 = 115.6, ಟೆನ್ಷನ್ 135.6. ವ್ಯತ್ಯಾಸ ಸರಿಯಾಗಿ 120, ಅಂದರೆ ತೂಕದ ಆರು ಪಟ್ಟು. ಹಗ್ಗ ಬಿಗಿಯಾಗಿ ಪೂರ್ತಿ ಸುತ್ತು ಬರುವವರೆಗೆ ಉದ್ದ, ವೇಗ ಏನೇ ಬದಲಿಸಿ, ಆರೇ ಪಟ್ಟು. ಎರಡು ಮೂರು ಸಲ ಮಾಡಿಸಿದರೆ ಮಕ್ಕಳ ಮುಖ ಅರಳುತ್ತದೆ.

ಆಮೇಲೆ ನನಗೆ ತುಂಬಾ ಇಷ್ಟವಾದ ಪ್ರಶ್ನೆ. ತುದಿಯಲ್ಲಿ ವೇಗ ಬರೀ 2 ಇದ್ದರೆ? ಟೆನ್ಷನ್ −11.1 ಬರುತ್ತದೆ. ಕೆಲವರು ಮೈನಸ್ ಅಳಿಸಿ 11.1 ಬರೆಯುತ್ತಾರೆ. ಅಲ್ಲಿ ನಿಲ್ಲಿಸುತ್ತೇನೆ. ಹಗ್ಗ ಎಳೆಯಬಲ್ಲದು, ತಳ್ಳಲಾರದು ಅಲ್ವಾ? ಅಂದರೆ ಕಲ್ಲು ಆ ವೇಗದಲ್ಲಿ ತುದಿ ಮುಟ್ಟುವುದೇ ಇಲ್ಲ, ಅದಕ್ಕೂ ಮೊದಲೇ ಹಗ್ಗ ಸಡಿಲವಾಗಿ ವೃತ್ತ ಬಿಟ್ಟಿರುತ್ತದೆ. ಹಗ್ಗದ ಬದಲು ಕಬ್ಬಿಣದ ಸರಳಿದ್ದರೆ ಅದೇ −11.1 ಸರಿಯಾದ ಉತ್ತರ. ಸರಳು ಕಲ್ಲನ್ನು ಮೇಲಕ್ಕೆ ತಳ್ಳುತ್ತಿದೆ. ಹಗ್ಗಕ್ಕೆ ಕನಿಷ್ಠ ವೇಗ ಬೇಕೆಂದರೆ ಟಿ ಸೊನ್ನೆ ಮಾಡಿ. ತುದಿಯಲ್ಲಿ 3, ತಳದಲ್ಲಿ √45. ಆ 45 ಅಂದರೆ 5ಜಿಆರ್ ತಾನೇ!

ಸಿದ್ಧಗಂಗೆ ಜಾತ್ರೆ ಸಮಯದಲ್ಲಿ ಜೈಂಟ್ ವೀಲ್ ಲೆಕ್ಕ ಕೊಡುತ್ತೇನೆ. ಇಲ್ಲಿ ಸೀಟು ಯಾವಾಗಲೂ ಕೂತವರ ಕೆಳಗೇ ಇರುತ್ತದೆ. ಹಾಗಾಗಿ ತುದಿಯಲ್ಲಿ ನಾರ್ಮಲ್ ಫೋರ್ಸ್ (ಸೀಟು ಮೇಲಕ್ಕೆ ಒತ್ತುವ ಬಲ, ಎನ್) ಕೇಂದ್ರದಿಂದ ಆಚೆಗೆ: ಎಂಜಿ − ಎನ್ = ಎಂವಿ²/ಆರ್. ಮೋಟರ್ ವೇಗವನ್ನು ಒಂದೇ ಸಮ ಇಡುತ್ತದೆ, ಆದ್ದರಿಂದ ಮೇಲಿನ ವೇಗದಿಂದ ಕೆಳಗಿನ ವೇಗ ಹುಡುಕುವ ಶಕ್ತಿಯ ಸಮೀಕರಣ ಇಲ್ಲಿ ಬೇಡ. 10 ಮೀಟರ್ ತ್ರಿಜ್ಯ, 20 ಸೆಕೆಂಡಿಗೆ ಒಂದು ಸುತ್ತು, 50 ಕೆಜಿ ಹುಡುಗಿ. ಜಿ 9.8 ಹಿಡಿದರೆ ಮೇಲೆ ಸುಮಾರು 440 ನ್ಯೂಟನ್, ಕೆಳಗೆ 540. ಮೇಲೆ ಹೋದಾಗ ಮೈ ಹಗುರ ಅನ್ನಿಸುವುದು 490 ನ್ಯೂಟನ್ ತೂಕಕ್ಕಿಂತ ಕಡಿಮೆಯಾದ ಈ ಸುಮಾರು 50 ನ್ಯೂಟನ್‌ನಿಂದಲೇ. ಉಬ್ಬು ಸೇತುವೆ ಮೇಲಿನ ಕಾರಿನ ಲೆಕ್ಕದಲ್ಲೂ ಬಾಣಗಳು ಹೀಗೇ ಇರುತ್ತವೆ. ಅದನ್ನು ಮಕ್ಕಳೇ ಮನೆಯಲ್ಲಿ ಮಾಡಿಕೊಂಡು ಬರುತ್ತಾರೆ.