ಹಿತ್ತಲ ಕೋಳಿಗೆ ಹುಳಿ ಬರಿಸಿದ ಕಾಳು: ಮಾಡುವುದು ಹೇಗೆ?

ಮೆಕ್ಕೆಜೋಳ, ಬಿಳಿಜೋಳ, ತೌಡು ಇವುಗಳಲ್ಲೆಲ್ಲ ರಂಜಕ (ಫಾಸ್ಫರಸ್) ಚೆನ್ನಾಗಿಯೇ ಇದೆ. ಆದರೆ ಅದರ ಬಹುಪಾಲು ಕಾಳಿನಲ್ಲೇ ಇರುವ ಫೈಟಿಕ್ ಆಮ್ಲದಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸಿಕೊಳ್ಳುವ ಶಕ್ತಿ ಕೋಳಿಯ ಹೊಟ್ಟೆಗೆ ಕಮ್ಮಿ. ನೀವು ದುಡ್ಡು ಕೊಟ್ಟು ತಂದದ್ದು ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಕಾಳನ್ನು ಎರಡು ಮೂರು ದಿನ ನೀರಲ್ಲಿ ನೆನೆಸಿ ಹುಳಿ ಬರಿಸಿದರೆ ಈ ಕಟ್ಟು ಸಡಿಲವಾಗುತ್ತದೆ. ಜೊತೆಗೆ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಆ ಹುಳಿಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳು ಸುಲಭವಾಗಿ ಬೆಳೆಯುವುದಿಲ್ಲ. ಇಷ್ಟು ಲಾಭಕ್ಕೆ ಬೇಕಾದದ್ದು ಒಂದು ಬಕೆಟ್ ಮತ್ತು ನೀರು.

ಗೂಡಲ್ಲೇ ಇರುವ 10 ಹೇಂಟೆಗಳ ಒಂದು ದಿನದ ಲೆಕ್ಕ ಇಲ್ಲಿದೆ. ಒಡೆದ ಮೆಕ್ಕೆಜೋಳ ಅರ್ಧ ಕೆಜಿ, ಬಿಳಿಜೋಳ ಕಾಲು ಕೆಜಿ, ಅಕ್ಕಿ ನುಚ್ಚು ಕಾಲು ಕೆಜಿ. ರಾಗಿ ಬೆಳೆಯುವ ಕಡೆ ಬಿಳಿಜೋಳದ ಬದಲು ರಾಗಿ ಹಾಕಬಹುದು. ಹಗಲೆಲ್ಲ ಹೊರಗೆ ಕೆದಕಿ ಹುಳು, ಸೊಪ್ಪು ತಿನ್ನುವ ನಾಟಿ ಕೋಳಿಗೆ ಇದರ ಅರ್ಧ ಸಾಕು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳು ಮೈಯಲ್ಲಿ ದೊಡ್ಡವು, ಅವಕ್ಕೆ ಸ್ವಲ್ಪ ಜಾಸ್ತಿ ಬೇಕು.

ಕಾಳು ಆರಿಸುವಾಗಲೇ ಕಟ್ಟುನಿಟ್ಟಾಗಿರಿ. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಕೋಳಿಯ ಯಕೃತ್ತನ್ನು ಹಾಳು ಮಾಡುತ್ತದೆ. ಹುಳಿ ಬರಿಸಿದರೆ ವಿಷ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಟ್ಟ ಕಾಳು ಬಕೆಟ್ಟಿಗೆ ಹೋಗಲೇಬಾರದು. ಹಸಿ ಸೋಯಾ, ಹಸಿ ಅವರೆಯನ್ನೂ ಇದಕ್ಕೆ ಸೇರಿಸಬೇಡಿ.

ಈಗ ಕೆಲಸ. ಕಾಳನ್ನು ಒಮ್ಮೆ ತೊಳೆದು ಪ್ಲಾಸ್ಟಿಕ್ ಬಕೆಟ್ ಅಥವಾ ಪಿಂಗಾಣಿ ಭರಣಿಗೆ ಹಾಕಿ. ತಗಡು, ಅಲ್ಯುಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಕಾಳು ಉಬ್ಬುತ್ತದೆ. ಕಾಳಿನ ಮೇಲೆ ಎರಡು ಇಂಚು ನಿಲ್ಲುವಷ್ಟು ನೀರು ಹಾಕಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ತೆರೆದ ಪಾತ್ರೆಯಲ್ಲಿ ಹಿಡಿದಿಡಿ. ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿಡಿ. ಬಿಗಿ ಮುಚ್ಚಳ ಹಾಕಬೇಡಿ, ಒಳಗಿನ ಗ್ಯಾಸ್ ಹೊರಗೆ ಹೋಗಬೇಕು.

ಮೊದಲ ಕೆಲವು ಗಂಟೆಗಳಲ್ಲೇ ಕಾಳು ನೀರು ಕುಡಿದುಬಿಡುತ್ತದೆ. ಮತ್ತೆ ನೀರು ಸೇರಿಸಿ. ಇಡೀ ಕೆಲಸದಲ್ಲಿ ಮರೆಯಬಾರದ್ದು ಇದೊಂದೇ: ಕಾಳು ಸದಾ ನೀರಿನಡಿಯಲ್ಲೇ ಇರಬೇಕು. ಗಾಳಿಗೆ ಒಡ್ಡಿಕೊಂಡ ಕಾಳಿಗೆ ಬೂಷ್ಟು ಬರುತ್ತದೆ. ದಿನಕ್ಕೆ ಎರಡು ಸಲ ಚೆನ್ನಾಗಿ ಕಲಕಿ. ಎರಡನೇ ದಿನ ಗುಳ್ಳೆ ಏಳುತ್ತದೆ, ನೀರು ಮಬ್ಬಾಗುತ್ತದೆ.

ಯಾವಾಗ ಸಿದ್ಧ ಎಂದು ಮೂಗೇ ಹೇಳುತ್ತದೆ. ಹದವಾಗಿ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಬಂದರೆ ಸರಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಒಂದೂವರೆ ದಿನಕ್ಕೇ ಆಗಬಹುದು. ಮಲೆನಾಡಿನ ಮಳೆಗಾಲದಲ್ಲಿ ನಾಲ್ಕು ದಿನ ಕಾಯಬೇಕಾದೀತು. ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ಗಾಬರಿ ಬೇಡ, ಅದು ಸಾಮಾನ್ಯವಾಗಿ ಯೀಸ್ಟ್. ತೆಗೆದುಹಾಕಿ ಅಥವಾ ಕಲಕಿಬಿಡಿ. ಹಸಿರು, ಕಪ್ಪು, ಕೆಂಪು ಬಣ್ಣದ ಬೂಷ್ಟು ಕಂಡರೆ, ಕೊಳೆತ ವಾಸನೆ ಬಂದರೆ ಬಕೆಟ್ ಪೂರ್ತಿ ಚೆಲ್ಲಿ, ಸೋಪು ಹಾಕಿ ತೊಳೆಯಿರಿ. ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ಹಾಕುವ ಆಸೆ ಬೇಡ.

ಕೊಡುವಾಗ ಕಾಳನ್ನು ಸೋಸಿ. ಬರೀ ಕಾಳಿನಲ್ಲಿ ಪ್ರೋಟೀನ್ ಸಾಲದು. ಮೊಟ್ಟೆ ಇಡುವ ಹೇಂಟೆಗೆ ಸುಮಾರು ಶೇ 16 ಬೇಕು. ಆದ್ದರಿಂದ ಮೇಲಿನ ಒಂದು ಕೆಜಿ ಕಾಳಿಗೆ ಕಾಲು ಕೆಜಿ ಕಡಲೆಕಾಯಿ ಹಿಂಡಿ ಬೆರೆಸಿ. ಹಿಂಡಿಯೂ ಬೂಷ್ಟಿಲ್ಲದ್ದೇ ಆಗಿರಬೇಕು. ಮೊಟ್ಟೆಯ ಓಡಿಗಾಗಿ ಕೊಡುವ ಕಪ್ಪೆಚಿಪ್ಪಿನ ಪುಡಿಯನ್ನು ಮಾತ್ರ ಬಕೆಟ್ಟಿಗೆ ಹಾಕಲೇಬೇಡಿ. ಅದರ ಸುಣ್ಣ ಹುಳಿಯನ್ನು ಕೊಂದುಬಿಡುತ್ತದೆ. ಬೇರೆ ಬಟ್ಟಲಲ್ಲಿಟ್ಟರೆ ಹೇಂಟೆಗಳೇ ಬೇಕಾದಷ್ಟು ತಿನ್ನುತ್ತವೆ. ಅಂಗಡಿಯಲ್ಲಿ ಸಿಗುವ ಲೇಯರ್ ಫೀಡಿನಲ್ಲೂ (ಮೊಟ್ಟೆ ಕೋಳಿಯ ಆಹಾರ) ಸುಣ್ಣ ಇರುತ್ತದೆ, ಹಾಗಾಗಿ ಅದನ್ನು ನೆನೆಸದೆ ಒಣದಾಗಿಯೇ ಕೊಡಿ. ಔಷಧ ಬೆರೆತ ಫೀಡನ್ನೂ ನೆನೆಸುವಂತಿಲ್ಲ. ಮನೆಯಲ್ಲಿ ಮಿಕ್ಕ ಉಪ್ಪು ಹಾಕಿದ ಹಿಟ್ಟು ಸುರಿಯಬೇಡಿ, ಉಪ್ಪು ಹೆಚ್ಚಾದರೆ ಕೋಳಿಗೆ ವಿಷ.

ಮೊದಲ ದಿನ ಕೆಲವು ಕೋಳಿಗಳು ಮೂಸಿ ನೋಡಿ ದೂರ ಹೋಗುತ್ತವೆ. ಒಣ ಕಾಳಿನ ಜೊತೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಒಂದು ವಾರದಲ್ಲಿ ರೂಢಿ ಮಾಡಿಸಿ. ಬೆಳಗ್ಗೆ ಕೊಡುವುದೇ ಒಳ್ಳೆಯದು. ಒಂದೆರಡು ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಉಳಿದದ್ದನ್ನು ತೆಗೆಯದಿದ್ದರೆ ನೊಣ ಮುತ್ತುತ್ತದೆ, ತೊಟ್ಟಿಯಲ್ಲೇ ಬೂಷ್ಟು ಬರುತ್ತದೆ. ಕುಡಿಯುವ ನೀರು ಎಂದಿನಂತೆ ಇರಲೇಬೇಕು. ಮೊಟ್ಟೆಯೊಡೆದು ಹೊಸದಾಗಿ ಬಂದ ಮರಿಗಳಿಗೆ ಇದು ಬೇಡ, ಅವಕ್ಕೆ ಒಣ ಮರಿ ಫೀಡೇ ಸರಿ.

ಸೋಸಿದ ಹುಳಿ ನೀರನ್ನು ಚೆಲ್ಲಬೇಡಿ. ಒಂದು ಲೋಟ ಎತ್ತಿಟ್ಟು ಮುಂದಿನ ಕಾಳಿಗೆ ಹೆಪ್ಪಾಗಿ ಹಾಕಿದರೆ ಒಂದು ದಿನ ಬೇಗ ಹುಳಿ ಬರುತ್ತದೆ. ಮೂರು ಬಕೆಟ್ ಇಟ್ಟುಕೊಂಡು ದಿನಕ್ಕೊಂದರಲ್ಲಿ ಕಾಳು ನೆನೆಸುತ್ತಾ ಹೋದರೆ ದಿನಾ ಒಂದು ಸಿದ್ಧವಾಗಿರುತ್ತದೆ. ಒಂದೆರಡು ವಾರಕ್ಕೊಮ್ಮೆ ಹಳೆಯ ಹೆಪ್ಪು ಬಿಟ್ಟು, ಬಕೆಟ್ ತೊಳೆದು ಬಿಸಿಲಿಗೆ ಒಣಗಿಸಿ ಹೊಸದಾಗಿ ಶುರು ಮಾಡಿ.